ಸಾಲ ತೀರದ ಕಾರು ಕೊಳ್ಳುವುದು ಹೇಗೆ? ತಿಳಿದವರು ಹೇಳಿ

ಪ್ರಶ್ನೆ: ಪರಿಚಯದವರೊಬ್ಬರ ಕಾರು 5,50,000ಕ್ಕೆ ಮಾತಾಗಿದೆ. ಅದರ ಮೇಲೆ 3,80,000 ಬ್ಯಾಂಕ್ ಸಾಲ ಬಾಕಿ ಇದೆ. “1,70,000 ನನಗೆ ಕೊಡಿ, ಉಳಿದ ಕಂತು ನೀವೇ ಕಟ್ಟಿಕೊಂಡು ಹೋಗಿ. ಸಾಲ ತೀರಿದ ಮೇಲೆ ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸೋಣ, ಸದ್ಯಕ್ಕೆ ಛಾಪಾ ಕಾಗದದಲ್ಲಿ ಕರಾರು ಸಾಕು” ಅನ್ನುತ್ತಾರೆ. ಒಪ್ಪಬಹುದಾ?

ಉತ್ತರ 1: ದಯವಿಟ್ಟು ಒಪ್ಪಬೇಡಿ. ಆರ್‌ಸಿಯಲ್ಲಿ ಹೈಪೋಥಿಕೇಶನ್ (ಗಾಡಿ ಬ್ಯಾಂಕಿನ ಸಾಲಕ್ಕೆ ಒತ್ತೆಯಾಗಿದೆ ಎಂಬ ನಮೂದು) ಇರುವವರೆಗೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಆರ್‌ಟಿಓದವರು ಹೆಸರು ಬದಲಿಸುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 51ನೇ ಕಲಂ ಹೇಳುವುದೇ ಇದನ್ನು. ನಿಮ್ಮಿಬ್ಬರ ಕರಾರಿಗೆ ಬ್ಯಾಂಕ್ ಕಟ್ಟುಬೀಳುವುದಿಲ್ಲ. ನೀವು ತಿಂಗಳು ತಿಂಗಳು ಅವರ ಖಾತೆಗೆ ಹಣ ಹಾಕಿದರೂ, ಕಂತಿನ ದಿನಕ್ಕೆ ಮೊದಲೇ ಬೇರೆ ಯಾವುದೋ ಬಾಬತ್ತಿಗೆ ಅದು ಕಡಿತವಾದರೆ ಕಂತು ಬೌನ್ಸ್. ಎರಡು ಮೂರು ಕಂತು ತಪ್ಪಿದರೆ ಜಪ್ತಿಗೆ ಬರುವವರು ನಿಮ್ಮ ಮನೆ ಬಾಗಿಲಿಗೆ ಬರುತ್ತಾರೆ.

ಮಾರುವವರಿಗೂ ಇದನ್ನು ತಿಳಿಸಿ: ಕಾರು ಕೊಟ್ಟಾಗಿದ್ದರೂ ಆರ್‌ಸಿಯಲ್ಲಿ ಹೆಸರಿರುವವರನ್ನೇ ಮಾಲೀಕರೆಂದು ಪರಿಗಣಿಸಬೇಕು, ಅಪಘಾತ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಉತ್ತರ 2: ನೆಟ್ಟಗಿನ ದಾರಿ ಎರಡು. ಒಂದು, ಅದೇ ಬ್ಯಾಂಕಿನಲ್ಲಿ ಸಾಲವನ್ನು ನಿಮ್ಮ ಹೆಸರಿಗೆ ವರ್ಗ ಮಾಡಿಸುವುದು. ಒಪ್ಪುವ ಬ್ಯಾಂಕುಗಳು ಕಡಿಮೆ. ಒಪ್ಪಿದರೂ ನಿಮ್ಮ ಸಂಬಳ ಚೀಟಿ, ಸಿಬಿಲ್ ಅಂಕ ನೋಡಿ ಹೊಸ ಕರಾರು ಬರೆಸಿಕೊಳ್ಳುತ್ತಾರೆ.

ಇನ್ನೊಂದು, ಸಾಲವನ್ನೇ ತೀರಿಸಿ ಕೊಳ್ಳುವುದು. ಹೆಚ್ಚಿನವರಿಗೆ ಹೊಂದುವುದು ಇದೇ. ಮಾರುವವರಿಂದ ಬ್ಯಾಂಕಿಗೆ ಅರ್ಜಿ ಹಾಕಿಸಿ ಫೋರ್‌ಕ್ಲೋಷರ್ ಪತ್ರ (ಸಾಲ ಅವಧಿಗೆ ಮೊದಲೇ ಮುಗಿಸಲು ಎಷ್ಟು ಕಟ್ಟಬೇಕೆಂಬ ಲೆಕ್ಕ) ತರಿಸಿ. ಅದರಲ್ಲಿ ಅಸಲು, ಆ ದಿನದವರೆಗಿನ ಬಡ್ಡಿ, ಬೌನ್ಸ್ ದಂಡ, ಮುಂಗಡ ಮುಕ್ತಾಯ ಶುಲ್ಕವಿದ್ದರೆ ಅದು ಮತ್ತು ಅದರ ಮೇಲೆ 18% ಜಿಎಸ್‌ಟಿ ಇರುತ್ತದೆ. ಹಾಗಾಗಿ 3,80,000 ಅಂದದ್ದು ಪತ್ರದಲ್ಲಿ ಹೆಚ್ಚೇ ಬರುತ್ತದೆ. ಆ ಹೆಚ್ಚುವರಿ ಯಾರದ್ದೆಂದು ಮೊದಲೇ ಮಾತಾಡಿಕೊಳ್ಳಿ. ಬಡ್ಡಿ ದಿನದ ಲೆಕ್ಕ. ಪತ್ರದ ಅವಧಿ ಮೀರಿ ಕಟ್ಟಿದರೆ ಕೆಲವು ನೂರು ರೂಪಾಯಿ ಬಾಕಿ ಉಳಿದು ಖಾತೆ ಮುಚ್ಚುವುದೇ ಇಲ್ಲ.

ಹಣವನ್ನು ನಿಮ್ಮ ಖಾತೆಯಿಂದ ಆರ್‌ಟಿಜಿಎಸ್ ಮೂಲಕ ಸೀದಾ ಸಾಲದ ಖಾತೆಗೇ ಹಾಕಿ, ಅವರ ಉಳಿತಾಯ ಖಾತೆಗೆ ಬೇಡ. ಉಳಿದದ್ದರಲ್ಲಿ ಒಂದು ಭಾಗವನ್ನು ಎನ್‌ಓಸಿ (ಸಾಲ ತೀರಿದೆ, ನಮ್ಮ ಆಕ್ಷೇಪಣೆಯಿಲ್ಲ ಎಂಬ ಬ್ಯಾಂಕಿನ ಪತ್ರ) ಕೈಗೆ ಬಂದ ದಿನ ಕೊಡಿ, ಇನ್ನೊಂದನ್ನು ಆರ್‌ಸಿ ನಿಮ್ಮ ಹೆಸರಿಗಾದ ಮೇಲೆ.

ಉತ್ತರ 3: ಮೇಲಿನದಕ್ಕೆ ಒಂದು ಮಾತು ಸೇರಿಸಲೇಬೇಕು. ಅದೇ ಬ್ಯಾಂಕಿನಲ್ಲಿ ಮಾರುವವರ ಕ್ರೆಡಿಟ್ ಕಾರ್ಡ್ ಅಥವಾ ವೈಯಕ್ತಿಕ ಸಾಲ ಬಾಕಿಯಿದೆಯಾ ಕೇಳಿ. ಇದ್ದರೆ ಕಾರಿನ ಸಾಲ ತೀರಿದರೂ ಎನ್‌ಓಸಿ ತಡೆಹಿಡಿಯುವುದುಂಟು. “ಇಷ್ಟು ಕಟ್ಟಿದರೆ ಎನ್‌ಓಸಿ ಕೊಡುತ್ತೇವೆ” ಎಂಬ ಇಮೇಲ್ ಬ್ಯಾಂಕಿನಿಂದ ಬರುವವರೆಗೆ ದುಡ್ಡು ಕಳಿಸಬೇಡಿ.

ಕಾಗದಪತ್ರ: ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಲು ಬ್ಯಾಂಕಿನ ಮೊಹರಿರುವ ಫಾರಂ 35 ಎರಡು ಪ್ರತಿ, ಎನ್‌ಓಸಿ; ಮಾಲೀಕರ ಹೆಸರು ಬದಲಿಸಲು ಫಾರಂ 29 ಎರಡು ಪ್ರತಿ, ಫಾರಂ 30. ಎನ್‌ಓಸಿಯಲ್ಲಿರುವ ಚಾಸಿ ಸಂಖ್ಯೆಯನ್ನು ಆರ್‌ಸಿ ಪಕ್ಕ ಇಟ್ಟು ಒಂದೊಂದೇ ಅಕ್ಷರ ಓದಿ. ಸೊನ್ನೆ ಇರುವಲ್ಲಿ ‘ಓ’ ಬಿದ್ದಿದ್ದರೂ ಅರ್ಜಿ ವಾಪಸ್. ಚಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದ ಅಚ್ಚನ್ನೂ ಕೇಳುತ್ತಾರೆ, ಎರಡು ಮೂರು ತೆಗೆದಿಟ್ಟುಕೊಳ್ಳಿ. ಎನ್‌ಓಸಿ ಸಾಮಾನ್ಯವಾಗಿ ಮೂರು ತಿಂಗಳಷ್ಟೇ ಚಾಲ್ತಿ. ಆಧಾರ್ ಓಟಿಪಿ ಮಾರುವವರ ಮೊಬೈಲಿಗೂ ಬರುವುದರಿಂದ ಅರ್ಜಿ ಹಾಕುವ ದಿನ ಅವರು ಸಿಗುವಂತಿರಲಿ.

ನೀವೂ ಸಾಲ ಮಾಡಿ ಕೊಳ್ಳುವುದಾದರೆ ಹೊಸ ಬ್ಯಾಂಕಿನ ಹೆಸರು ಸೇರಿಸಲು ಫಾರಂ 34 ಬೇಕು. ಹೊರರಾಜ್ಯದ ನೋಂದಣಿಯಾದರೆ ಫಾರಂ 28ರಲ್ಲಿ ಅಲ್ಲಿನ ಆರ್‌ಟಿಓ ಕೊಡುವ ಎನ್‌ಓಸಿ ಮತ್ತು ಕರ್ನಾಟಕದ ತೆರಿಗೆ ಬೇರೆ. ಅದನ್ನು ಲೆಕ್ಕ ಹಾಕದೆ ಬೆಲೆ ಮಾತಾಡಬೇಡಿ.

ಉತ್ತರ 4: ವಿಮೆ ಮರೆಯಬೇಡಿ. ವರ್ಗಾವಣೆಯಾದ 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಥರ್ಡ್ ಪಾರ್ಟಿ ರಕ್ಷಣೆ (ಅಪಘಾತದಲ್ಲಿ ಬೇರೆಯವರಿಗಾದ ಹಾನಿಗೆ) ಕಾರಿನ ಜೊತೆ ಬರುತ್ತದೆ. ನಿಮ್ಮ ಕಾರಿಗಾದ ಹಾನಿಯ ಹಣ ಸಿಗಲು ಪಾಲಿಸಿ ನಿಮ್ಮ ಹೆಸರಲ್ಲಿರಬೇಕು. ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ) ಮಾರುವವರದ್ದು, ಆ ವ್ಯತ್ಯಾಸ ನೀವು ತುಂಬಬೇಕು. ಪಾಲಿಸಿಯಲ್ಲೂ ಬ್ಯಾಂಕಿನ ಹೆಸರು ಇರುತ್ತದೆ, ಎನ್‌ಓಸಿ ತೋರಿಸಿ ತೆಗೆಸಿ. ಹಳೆಯ ಫಾಸ್ಟ್ಯಾಗ್ ಅವರಿಂದಲೇ ಮುಚ್ಚಿಸಿ. ಕಾರಿನ ಮೇಲಿನ ಬಾಕಿ ಸಂಚಾರ ದಂಡಗಳನ್ನು ಮುಂಗಡ ಕೊಡುವ ಮೊದಲೇ ಸರ್ಕಾರದ ಪರಿವಾಹನ್ ತಾಣದಲ್ಲಿ ನೋಡಿ. ಬೆಂಗಳೂರಿನ ಗಾಡಿಯಾದರೆ ಸಂಚಾರ ಪೊಲೀಸರ ತಾಣದಲ್ಲೂ ಒಮ್ಮೆ ನೋಡಿ.