ತಾತನ ಬೀಟೆ ಮೇಜನ್ನು ಉಜ್ಜಿಸಿ ಹೊಸ ಪಾಲಿಶ್ ಹಾಕಿಸಲಾ?

ಪ್ರಶ್ನೆ (ಬಸವನಗುಡಿಯಿಂದ): ಸರ್, ತಾತ ಲೆಕ್ಕ ಬರೆಯುತ್ತಿದ್ದ ಬೀಟೆ ಮೇಜು ನನ್ನ ಪಾಲಿಗೆ ಬಂದಿದೆ. 70 ವರ್ಷಕ್ಕಿಂತ ಹಳೆಯದು. ಮೇಲೆಲ್ಲ ಕಪ್ಪಾಗಿದೆ, ಕಾಫಿ ಲೋಟದ ಬಿಳಿ ಉಂಗುರಗಳಿವೆ. ಮೆಷಿನ್‌ನಲ್ಲಿ ಉಜ್ಜಿ ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಥರದ ಪಾಲಿಶ್) ಹೊಡೆದರೆ ಕನ್ನಡಿ ಥರ ಹೊಳೆಯುತ್ತದೆ ಅಂತ ನಮ್ಮ ಬಡಗಿ ಹೇಳುತ್ತಿದ್ದಾರೆ. ಮಾಡಿಸಲಾ?

ಉತ್ತರ (ಪಾಲಿಶ್ ಮೇಸ್ತ್ರಿ): ಮೇಡಂ, ದಯವಿಟ್ಟು ಈಗಲೇ ಮೆಷಿನ್ ಮುಟ್ಟಿಸಬೇಡಿ. ಆ ಕಪ್ಪು ಬಹುಪಾಲು ಕೈ ಜಿಡ್ಡು, ಧೂಳು, ಹಳೇ ಮೇಣ. ಮೆತ್ತನೆ ಬಟ್ಟೆಗೆ ಸ್ವಲ್ಪ ಟರ್ಪೆಂಟೈನ್ ಹಾಕಿ ಒಂದು ಮೂಲೆ ಒರೆಸಿ ನೋಡಿ. ಬಟ್ಟೆ ಕಂದಾಗುತ್ತದೆ, ಕೆಳಗೆ ಬೀಟೆಯ ನೇರಳೆ ಗೆರೆ ಕಾಣಿಸುತ್ತದೆ. ಅಷ್ಟಕ್ಕೇ ಎಷ್ಟೋ ಜನ ಸಾಕು ಅಂದುಬಿಡುತ್ತಾರೆ.

ಆಮೇಲೆ ಕಾಲಿನ ಹಿಂಬದಿಗೆ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ. ಅಂಟಂಟಾದರೆ ಅದು ಅರಗಿನ ಪಾಲಿಶ್. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ ಅಲ್ವಾ, ಹಾಗಾಗಿ ಹಳೇ ಪದರಕ್ಕೇ ಹೊಸದು ಬೆಸೆದುಕೊಳ್ಳುತ್ತದೆ. ಪಿಯು ಹಾಗಲ್ಲ. ಒಂದು ಕಡೆ ಗೀರು ಬಿದ್ದರೆ ಅಲ್ಲಿಗಷ್ಟೇ ಸರಿಮಾಡುವುದು ಕಷ್ಟ.

ಬಿಳಿ ಉಂಗುರಕ್ಕೆ ಹೆದರಬೇಡಿ. ಬಿಸಿ ಲೋಟದ ತೇವ ಪಾಲಿಶ್ ಒಳಗೆ ಸಿಕ್ಕಿಕೊಂಡಿದೆ, ಮರಕ್ಕೆ ಇಳಿದಿಲ್ಲ. ಸ್ಪಿರಿಟ್ ಸೋಕಿಸಿದ ಬಟ್ಟೆಯನ್ನು ಹಗುರಾಗಿ ಎಳೆದರೆ ಸಾಮಾನ್ಯವಾಗಿ ಹೋಗುತ್ತದೆ.

ಮಲ್ಲೇಶ್ವರದ ಒಂದು ಮನೆಯಲ್ಲಿ ನನ್ನನ್ನು ಕರೆಯುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಮೇಲಿದ್ದದ್ದು ಬೀಟೆಯ ತೆಳು ಹಾಳೆ, ಒಳಗೆ ಬೇರೆ ಮರ. ಮೆಷಿನ್ ಹಾಳೆಯನ್ನೇ ತಿಂದು, ಅಂಗೈಯಗಲ ಬಿಳಿ ಮರ ಕಾಣುತ್ತಿತ್ತು. ಅದನ್ನು ಯಾರೂ ವಾಪಸ್ ತರಲಾರರು. ನಿಮ್ಮ ಡ್ರಾಯರ್ ಹೊರಗೆಳೆದು ಮೇಜಿನ ಮೇಲಿನ ಹಲಗೆಯ ಅಡಿ ನೋಡಿ. ಮೇಲಿನ ಗೆರೆ, ಅಡಿಯ ಗೆರೆ ಒಂದೇ ಮರದ್ದಾ?

ಪ್ರಶ್ನೆ: ನೋಡಿದೆ ಸರ್, ಎರಡೂ ಒಂದೇ, ಗಟ್ಟಿ ಬೀಟೆ. ಸ್ಪಿರಿಟ್‌ಗೆ ಅಂಟಂಟಾಯಿತು. ಆದರೆ ಮಗ ಲ್ಯಾಪ್‌ಟಾಪ್ ಇಡುವ ಕಡೆ ಪಾಲಿಶ್ ಪೂರ್ತಿ ಹೋಗಿದೆ. ಅವನು ದಿನಾ ಸ್ಯಾನಿಟೈಸರ್‌ನಲ್ಲಿ ಒರೆಸುತ್ತಾನೆ.

ಉತ್ತರ: ಪಾಲಿಶ್ ತೆಗೆದಿರುವುದೇ ಆ ಸ್ಯಾನಿಟೈಸರ್ ಇರಬೇಕು ಮೇಡಂ. ಅದರಲ್ಲೂ ಸ್ಪಿರಿಟ್ ಇರುತ್ತದೆ. ಇವತ್ತೇ ನಿಲ್ಲಿಸಿ, ಲ್ಯಾಪ್‌ಟಾಪ್ ಅಡಿಗೆ ದಪ್ಪ ಬಟ್ಟೆ ಹಾಸಿ. ಮೇಲಿನ ಹಲಗೆಗೆ ಮಾತ್ರ ಕೈಯಲ್ಲೇ ಅರಗು ಹಾಕಿಸಿ. ಕಾಲು, ಡ್ರಾಯರ್ ಮುಖ, ತಾತನ ಮೊಣಕೈ ಸವೆಸಿದ ಅಂಚು ಹಾಗೇ ಇರಲಿ. ಆದರೆ ಈ ಮಳೆಯಲ್ಲಿ ಬೇಡ. ಗಾಳಿಯ ತೇವಕ್ಕೆ ಹೊಸ ಅರಗು ಬೆಳ್ಳಗೆ ಮಬ್ಬಾಗುತ್ತದೆ. ಫೆಬ್ರವರಿಯಲ್ಲಿ ಕರೆಯಿರಿ.