ಪದಚರ್ಚೆ: ನೆರೆಯನ್ನು ಒಳಗೆ ಬಿಟ್ಟುಕೊಳ್ಳುವ ಉದ್ಯಾನಕ್ಕೆ ಏನೆನ್ನಬೇಕು?

ಮಾನ್ಯರೇ,

ನಗರಗಳ ನೆರೆ ನಿರ್ವಹಣೆಯನ್ನು ಕುರಿತ ಬರಹವೊಂದನ್ನು ಸಾಮಾನ್ಯ ಓದುಗರಿಗಾಗಿ ಸಿದ್ಧಪಡಿಸುತ್ತಿದ್ದೇನೆ. ವರ್ಷದ ಬಹುಪಾಲು ದಿನ ಜನರು ಓಡಾಡುವ, ಮಕ್ಕಳು ಆಡುವ ಹಸಿರು ಜಾಗವಾಗಿದ್ದು, ಬಿರುಮಳೆಯ ಹೊತ್ತಿನಲ್ಲಿ ಸುತ್ತಲಿನ ಬೀದಿಗಳ ಅಥವಾ ಪಕ್ಕದ ಹೊಳೆಯ ನೀರನ್ನು ತನ್ನೊಳಗೆ ತುಂಬಿಕೊಂಡು, ಮಳೆ ನಿಂತ ಮೇಲೆ ಅದನ್ನು ನಿಧಾನವಾಗಿ ಬಿಟ್ಟುಕೊಡುವಂತೆ ರೂಪಿಸಿದ ತಾಣಕ್ಕೆ ಕನ್ನಡದಲ್ಲಿ ಯಾವ ಪದ ಒಪ್ಪುತ್ತದೆ ಎಂಬುದು ನನ್ನ ಪ್ರಶ್ನೆ. ಕೈಗೆ ಸುಲಭವಾಗಿ ಸಿಗುವ ಪದಗಳೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಓದುಗರನ್ನು ಬೇರೆ ಕಡೆಗೆ ಎಳೆದೊಯ್ಯುತ್ತವೆ ಎಂದು ನನಗೆ ಅನ್ನಿಸಿದೆ. ಕಾರಣಗಳನ್ನು ಕೊಂಚ ವಿವರವಾಗಿಯೇ ಬರೆಯುತ್ತೇನೆ.

ಮೊದಲನೆಯದು ‘ನಿಸರ್ಗಾಧಾರಿತ ನೆರೆ ಪರಿಹಾರ’. ‘ಪರಿಹಾರ’ಕ್ಕೆ ಸಮಸ್ಯೆಯನ್ನು ನೀಗಿಸುವ ಉಪಾಯ ಎಂಬ ಅರ್ಥ ಇದೆ, ನಿಜ. ಆದರೆ ‘ನೆರೆ’ಯ ಪಕ್ಕದಲ್ಲಿ ಬಂದ ಕೂಡಲೇ ಆ ಪದ ಮನೆ ಕಳೆದುಕೊಂಡವರಿಗೆ ಸರ್ಕಾರ ಕೊಡುವ ಹಣವನ್ನು ನೆನಪಿಗೆ ತರುತ್ತದೆ. ಪತ್ರಿಕೆಗಳಲ್ಲಿ ‘ನೆರೆ ಪರಿಹಾರ’ ಎಂದರೆ ಅದೇ ಅರ್ಥ, ಅದನ್ನು ಈಗ ಬದಲಿಸಲು ಹೋಗುವುದು ವ್ಯರ್ಥ. ಒಟ್ಟು ವಿಧಾನವನ್ನು ಹೇಳುವಾಗ ‘ನಿಸರ್ಗಾಧಾರಿತ ನೆರೆ ನಿರ್ವಹಣೆ’ ಎಂದರೆ ಸಾಕು. ತೊಡಕು ಇರುವುದು ತಾಣದ ಹೆಸರಿನಲ್ಲಿ.

‘ನೆರೆ ತಡೆ ಉದ್ಯಾನ’ ಎನ್ನಬಹುದೇ? ‘ತಡೆ’ ಎಂದೊಡನೆ ತಡೆಗೋಡೆ ಕಣ್ಣ ಮುಂದೆ ನಿಲ್ಲುತ್ತದೆ, ನೀರು ಇಲ್ಲಿಗೆ ಬರುವುದಿಲ್ಲ ಎಂಬ ಭರವಸೆಯನ್ನು ಆ ಪದವೇ ಕೊಟ್ಟುಬಿಡುತ್ತದೆ. ಈ ತಾಣಗಳ ತತ್ವ ಇದಕ್ಕೆ ತೀರ ವಿರುದ್ಧ. 1993 ಮತ್ತು 1995ರಲ್ಲಿ ನದಿಗಳು ಉಕ್ಕಿ, ಎರಡನೆಯ ಸಲ ಸುಮಾರು ಎರಡೂವರೆ ಲಕ್ಷ ಜನರನ್ನು ಸ್ಥಳಾಂತರಿಸಬೇಕಾಗಿ ಬಂದ ಮೇಲೆ, ನೆದರ್ಲೆಂಡ್ಸ್ ಒಡ್ಡುಗಳನ್ನು ಎತ್ತರಿಸುತ್ತಲೇ ಹೋಗುವ ಹಳೆಯ ಪದ್ಧತಿಯನ್ನಷ್ಟೇ ನೆಚ್ಚಿಕೊಳ್ಳದೆ ನದಿಗೇ ಜಾಗ ಬಿಟ್ಟುಕೊಡುವ ಕಾರ್ಯಕ್ರಮವನ್ನು ಕೈಗೊಂಡಿತು. ನೈಮೇಗನ್ ನಗರದ ಎದುರು ದಡದ ಲೆಂಟ್‌ನಲ್ಲಿ ಒಡ್ಡನ್ನು 350 ಮೀಟರ್ ಹಿಂದಕ್ಕೆ ಸರಿಸಿ, ನಡುವೆ ಹೊಸ ಕವಲು ತೋಡಿದರು. ಎರಡು ಹರಿವುಗಳ ನಡುವೆ ಉಳಿದ ನೆಲ ಈಗ ದ್ವೀಪವಾಗಿದೆ, ಕವಲಿನ ದಡಗಳು ಜನರು ತಿರುಗಾಡುವ ನದಿ ಉದ್ಯಾನವಾಗಿವೆ. ಇಲ್ಲಿ ನದಿಯನ್ನು ತಡೆದಿಲ್ಲ, ಒಳಗೆ ಕರೆದುಕೊಂಡಿದ್ದಾರೆ.

ಸಿಂಗಪುರದ ಬಿಶಾನ್ ಉದ್ಯಾನವನ್ನೂ ಇದೇ ಸಾಲಿನಲ್ಲಿ ನೋಡಬಹುದು. ಅದರ ಅಂಚಿನಲ್ಲಿ 2.7 ಕಿಲೋಮೀಟರ್ ಉದ್ದಕ್ಕೆ ನೇರವಾಗಿ ಹರಿಯುತ್ತಿದ್ದ ಕಾಂಕ್ರೀಟ್ ಕಾಲುವೆಯನ್ನು ಒಡೆದು ತೆಗೆದು, ಕಲಾಂಗ್ ನದಿಯನ್ನು 3.2 ಕಿಲೋಮೀಟರ್ ಉದ್ದದ ಅಂಕುಡೊಂಕಾದ ಹೊಳೆಯಾಗಿ ಉದ್ಯಾನದೊಳಕ್ಕೆ ತಿರುಗಿಸಿದರು. 2012ರಲ್ಲಿ ಈ ರೂಪದಲ್ಲಿ ತೆರೆದ ಉದ್ಯಾನದಲ್ಲಿ ಸಾಮಾನ್ಯ ದಿನಗಳಂದು ಮಕ್ಕಳು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಹೊಳೆ ದಾಟುತ್ತಾರೆ. ಮಳೆ ಜೋರಾದಾಗ ಇಳಿಜಾರಿನ ಹುಲ್ಲುಹಾಸೇ ನದಿಯ ಪಾತ್ರವಾಗುತ್ತದೆ. ನೀರು ಏರುವ ಮುನ್ನ ಎಚ್ಚರಿಕೆಯ ದೀಪಗಳು ಮಿನುಗುತ್ತವೆ, ಸೈರನ್ ಮೊಳಗುತ್ತದೆ, ಜನರು ಮೇಲಿನ ದಾರಿಗೆ ಹತ್ತುತ್ತಾರೆ. ಇಂಥ ಜಾಗವನ್ನು ‘ನೆರೆ ತಡೆ’ ಎಂದು ಕರೆದರೆ, ಅದು ನೀರಿನಲ್ಲಿ ನಿಂತ ದಿನ ಓದುಗರಿಗೆ ಯೋಜನೆಯೇ ಕೈಕೊಟ್ಟಂತೆ ಕಾಣುತ್ತದೆ. ಅದು ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿರುವುದು ಅಂದೇ. ಹೆಸರಿನ ವಿಷಯದಲ್ಲಿ ನಾನು ಇಷ್ಟು ಪಟ್ಟು ಹಿಡಿಯುತ್ತಿರುವುದಕ್ಕೆ ಮುಖ್ಯ ಕಾರಣ ಇದು.

ಮೂರನೆಯದು ‘ಸ್ಪಂಜು ನಗರ’. ಚೀನಾದ ಭೂದೃಶ್ಯ ವಿನ್ಯಾಸಕ ಕೊಂಗ್‌ಜಿಯಾನ್ ಯು ಪ್ರಚುರಪಡಿಸಿದ, ಮಳೆನೀರನ್ನು ಹೀರಿಕೊಳ್ಳುವಂತೆ ನಗರವನ್ನು ರೂಪಿಸುವ ಈ ಕಲ್ಪನೆಯನ್ನು ಆ ದೇಶ 2015ರಲ್ಲಿ 16 ನಗರಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿತು. ಪದ ಎರವಲಿನದು ಎಂಬ ಕಾರಣಕ್ಕೆ ನನಗೆ ಆಕ್ಷೇಪವಿಲ್ಲ. ಆದರೆ ಅದು ಇಡೀ ನಗರವನ್ನು ಹೇಳುತ್ತದೆ, ಒಂದು ತಾಣವನ್ನಲ್ಲ. ಅಲ್ಲದೆ ನೀರನ್ನು ಹೀರುವ ಗುಣವನ್ನೇ ಮುಂದೆ ಮಾಡುತ್ತದೆ. ಚೀನಾದ ಝೆಂಗ್‌ಝೌ ನಗರದಲ್ಲಿ 2021ರ ಜುಲೈ 20ರಂದು ಸುರಿದಂತೆ ಒಂದೇ ಗಂಟೆಯಲ್ಲಿ 201.9 ಮಿಲಿಮೀಟರ್ ಮಳೆ ಬಂದರೆ ಯಾವ ಮಣ್ಣೂ ಅಷ್ಟನ್ನು ಅಷ್ಟೇ ಬೇಗ ಹೀರಲಾರದು. ಇಲ್ಲಿ ಎರಡು ಕ್ರಿಯೆಗಳನ್ನು ಬೇರೆಬೇರೆಯಾಗಿ ಹೇಳಬೇಕಾಗುತ್ತದೆ: ಇಂಗಿಸುವುದು ಒಂದು, ಕೆಲಕಾಲ ಹಿಡಿದಿಡುವುದು ಇನ್ನೊಂದು. ಮೊದಲನೆಯದಕ್ಕೆ ನಮ್ಮಲ್ಲಿ ‘ಇಂಗು’ ಎಂಬ ಅಚ್ಚುಕಟ್ಟಾದ ಧಾತುವಿದೆ, ಅದರಿಂದ ‘ಇಂಗುಗುಂಡಿ’ಯಂಥ ಪದಗಳೂ ಹುಟ್ಟಿವೆ. ಎರಡನೆಯದಕ್ಕೆ ಅಷ್ಟು ಚಿಕ್ಕ ಪದ ನನಗೆ ಕಾಣುತ್ತಿಲ್ಲ. ‘ಸಂಗ್ರಹ’ ಎಂದರೆ ನೀರನ್ನು ಮುಂದಿನ ಬಳಕೆಗೆ ಕೂಡಿಡುವ ಅರ್ಥ ಬರುತ್ತದೆ. ಹಾಗೆ ಕೂಡಿಟ್ಟರೆ ಮುಂದಿನ ಮಳೆಗೆ ಜಾಗವೇ ಇರುವುದಿಲ್ಲ. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ನಗರದ ಬೆಂಥೆಮ್‌ಪ್ಲೈನ್ ಚೌಕದಲ್ಲಿ ಮೂರು ತಗ್ಗುಗಳಿವೆ. ಆಳವಾದದ್ದು ಉಳಿದ ದಿನಗಳಲ್ಲಿ ಆಟದ ಅಂಗಳ, ಭಾರಿ ಮಳೆಗೆ ಮಾತ್ರ ತುಂಬುತ್ತದೆ. ಒಟ್ಟು ಸುಮಾರು 17 ಲಕ್ಷ ಲೀಟರ್ ಹಿಡಿಯುವ ಈ ಚೌಕ ಮಳೆ ನಿಂತ ಮೇಲೆ ಮತ್ತೆ ಬರಿದಾಗಲೇಬೇಕು. ಬರಿದಾಗಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ಯಾವುದು? ‘ಮುಳುಗಡೆ’ ಬೇಡವೇ ಬೇಡ. ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಬಿಟ್ಟವರ ನೋವು ಆ ಪದದೊಂದಿಗೆ ಬೆಸೆದುಹೋಗಿದೆ, ಜೊತೆಗೆ ಅದು ಶಾಶ್ವತವಾದ ಮುಳುಗುವಿಕೆ. ‘ನೆರೆಬಯಲು’ ಚೆನ್ನಾಗಿದೆಯಾದರೂ ಅದನ್ನು ನದಿಯ ಇಕ್ಕೆಲದ ಸಹಜ ಬಯಲಿಗೇ ಮೀಸಲಿಡುವುದು ಒಳ್ಳೆಯದು. ‘ನೆರೆವನ’ ಎಂದರೆ ನೆರೆಹೊರೆಯ ವನ ಎಂದು ಓದುವವರೇ ಹೆಚ್ಚಾಗಬಹುದು. ‘ಮಳೆ ತಂಗುದಾಣ’ ಮಳೆಗೆ ಸಿಕ್ಕವರು ನಿಲ್ಲುವ ಸೂರಾಗಿಬಿಡುತ್ತದೆ. ಆದರೆ ‘ತಂಗು’ ಧಾತುವನ್ನು ಬಿಡಲು ಮನಸ್ಸಿಲ್ಲ, ಏಕೆಂದರೆ ಬಂದದ್ದು ಉಳಿಯಲು ಬಂದದ್ದಲ್ಲ, ಹೊರಟುಹೋಗುತ್ತದೆ ಎಂಬ ಅರ್ಥ ಅದರೊಳಗೇ ಇದೆ. ಆದ್ದರಿಂದ ಮೊದಲ ಉಲ್ಲೇಖದಲ್ಲಿ ‘ನೆರೆ ತಂಗುವ ಉದ್ಯಾನ’ ಎಂದು ಬಿಡಿಸಿ ಬರೆದು, ಮುಂದೆ ‘ನೆರೆದಾಣ’ ಎಂಬ ಸಮಾಸವನ್ನು ಬಳಸಬೇಕೆಂದಿದ್ದೇನೆ. ‘ನೆರೆ’ಗೆ ಪ್ರವಾಹ ಎಂಬ ಅರ್ಥದ ಜೊತೆಗೆ ಒಟ್ಟುಗೂಡು ಎಂಬ ಕ್ರಿಯಾರ್ಥವೂ ಇರುವುದರಿಂದ, ನೀರೂ ಜನರೂ ಸರದಿಯಲ್ಲಿ ನೆರೆಯುವ ಜಾಗಕ್ಕೆ ಈ ಪದ ಎರಡು ಕಡೆಯಿಂದಲೂ ಹೊಂದುತ್ತದೆ ಎಂಬುದು ನನ್ನ ಎಣಿಕೆ.

ವ್ಯಾಪ್ತಿಯ ಬಗ್ಗೆ ಒಂದು ಮಾತು. ಸ್ಪೇನ್‌ನ ವೆಲೆನ್ಸಿಯಾ ನಗರದಲ್ಲಿ 1957ರ ಭೀಕರ ನೆರೆಯ ನಂತರ ಟೂರಿಯಾ ನದಿಯನ್ನು ಊರ ಹೊರಗಿನ ಹೊಸ ಕಾಲುವೆಗೆ ತಿರುಗಿಸಿ, ಹಳೆಯ ಪಾತ್ರವನ್ನು ಉದ್ಯಾನ ಮಾಡಿದ್ದಾರೆ. ನೆರೆಯಿಂದಲೇ ಹುಟ್ಟಿದ ಸೊಗಸಾದ ಹಸಿರು ಜಾಗ ಅದು. ಆದರೂ ನೆರೆಯ ನೀರನ್ನು ಹೊರುವ ಹೊಣೆ ಹೊಸ ಕಾಲುವೆಯದು. ಅದನ್ನು ನಾನು ನೆರೆದಾಣ ಎನ್ನಲಾರೆ.

ತಿಳಿದವರಲ್ಲಿ ನನ್ನ ಕೋರಿಕೆ ಎರಡು. ಉದ್ಯಾನದ ಬಾಗಿಲಿನ ಫಲಕದಲ್ಲಿ ‘ನೆರೆದಾಣ’ ಎಂದು ಬರೆದಿದ್ದರೆ, ಅದನ್ನು ನೆರೆ ಸಂತ್ರಸ್ತರು ಆಶ್ರಯ ಪಡೆಯುವ ಜಾಗ ಎಂದು ತಪ್ಪಾಗಿ ಓದುವ ಸಾಧ್ಯತೆ ಎಷ್ಟರಮಟ್ಟಿಗಿದೆ ಎಂಬುದನ್ನು ದಯವಿಟ್ಟು ತಿಳಿಸಿ. ಹಾಗೆಯೇ, ಮಳೆಯಲ್ಲಿ ನೀರು ನಿಂತು ಬಳಿಕ ತಾನಾಗಿ ಬತ್ತುವ ತಗ್ಗುನೆಲಕ್ಕೆ ನಿಮ್ಮ ನಿಮ್ಮ ಆಡುಮಾತಿನಲ್ಲಿ ಪದವಿದ್ದರೆ, ಅದು ಬಳಕೆಯಾಗುವ ಒಂದು ವಾಕ್ಯದೊಂದಿಗೆ ಬರೆಯಿರಿ.