ಸಹಾಯ ಬೇಕು: ಮಳೆಗಾಲದಲ್ಲಿ ಪ್ಲೈವುಡ್ ಕೆಲಸ ಶುರು ಮಾಡಬಹುದೇ? (ಉಡುಪಿ)

ಎಲ್ಲರಿಗೂ ನಮಸ್ಕಾರ. ಬ್ರಹ್ಮಾವರದ ಹತ್ತಿರ ಅಪ್ಪ ಅಮ್ಮನಿಗಾಗಿ ಮನೆ ಕಟ್ಟಿಸುತ್ತಿದ್ದೇವೆ. ಒಳಗಿನ ಗಾರೆ ಮುಗಿದಿದೆ, ಆದರೆ ಅಡುಗೆಮನೆಯ ಪಶ್ಚಿಮದ ಗೋಡೆ ಮುಟ್ಟಿದರೆ ಇನ್ನೂ ತೇವ ತಿಳಿಯುತ್ತದೆ. ಆಚಾರಿಯವರು ಜುಲೈಯಲ್ಲೇ ಕಪಾಟುಗಳ ಕೆಲಸ ಹಿಡಿಯೋಣ ಎನ್ನುತ್ತಿದ್ದಾರೆ. ಆಮೇಲೆ ಅವರಿಗೆ ಬೇರೆ ಸೈಟ್ ಇದೆ. ಬಹಳ ಅಚ್ಚುಕಟ್ಟಿನ ಕೆಲಸಗಾರರು, ಬಿಡಲು ಮನಸ್ಸಿಲ್ಲ.

ಸಿಂಕ್ ಕೆಳಗಿನ ಕಪಾಟಿಗೆ ಐಎಸ್ 710 ಗುರುತಿನ (ಮರೈನ್ ದರ್ಜೆಯ) ಪ್ಲೈವುಡ್, ಮಲಗುವ ಕೋಣೆಯ ವಾರ್ಡ್‌ರೋಬ್‌ಗೆ ಐಎಸ್ 303ರ (ಸಾಮಾನ್ಯ ಬಳಕೆಯ ಪ್ಲೈವುಡ್‌ನ ಮಾನಕ) ಬಿಡಬ್ಲ್ಯುಆರ್, ಅಂದರೆ ಕುದಿಯುವ ನೀರನ್ನೂ ತಡೆಯುವ ಅಂಟಿನ ದರ್ಜೆ, ಎಂದು ನಿರ್ಧರಿಸಿದ್ದೇವೆ. ಅಂಟು ನೀರು ತಡೆದರೂ ಕೊಯ್ದ ಅಂಚು ತೇವ ಹೀರುತ್ತದೆ, ಚಿಂತೆ ಅದೇ. ಗೋಡೆಗೂ ಹಿಂಬದಿಯ ಹಲಗೆಗೂ ನಡುವೆ ಸಂದು ಬಿಟ್ಟು, ಅಂಚುಗಳಿಗೆಲ್ಲ ಪ್ರೈಮರ್ ಬಳಿದರೆ ಸಾಕೇ? ಇಲ್ಲವೇ ಚೌಕಟ್ಟುಗಳನ್ನಷ್ಟೇ ಈಗ ಜೋಡಿಸಿ, ಲ್ಯಾಮಿನೇಟ್ ಅಂಟಿಸುವುದನ್ನೂ ಬಾಗಿಲು ಕೂರಿಸುವುದನ್ನೂ ದಸರೆ ಕಳೆದ ಮೇಲೆ ಇಟ್ಟುಕೊಳ್ಳಬೇಕೇ? ಬಾಗಿಲಿನ ಒಂದೇ ಬದಿಗೆ ಲ್ಯಾಮಿನೇಟ್ ಹಾಕಿದರೆ ಹಲಗೆ ಬಾಗುತ್ತದೆ, ಹಾಗಾಗಿ ಎರಡೂ ಬದಿಗೆ ಹಾಕಿಸುತ್ತೇವೆ, ಅದರಲ್ಲಿ ರಾಜಿಯಿಲ್ಲ.

ಕರಾವಳಿಯ ಮಳೆಯಲ್ಲಿ ಇಂಥ ಕೆಲಸ ಮಾಡಿಸಿದವರ ಅನುಭವವೇ ನನಗೆ ಬೇಕು. ಬೆಂಗಳೂರಿನ ಹವೆಗೆ ಹೊಂದುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗೋಡೆಯ ತೇವಾಂಶ ಅಳೆಯುವ ಮೀಟರ್ ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ಬಾಡಿಗೆಗೆ ಸಿಗುವುದಾದರೆ ದಯವಿಟ್ಟು ತಿಳಿಸಿ. ಈ ವಾರದೊಳಗೆ ಆಚಾರಿಯವರಿಗೆ ಉತ್ತರ ಹೇಳಬೇಕಿದೆ.